ಬೆರಳಿನ ತಪ್ಪಲ್ಲ ಆಂಟಿ

ಕೆಳಗಿನ ಮನೆ ಓನರ್ ಆಂಟಿ ಎಷ್ಟೋ ವರ್ಷ ಪಿಯಾನೋ ಪಾಠ ಹೇಳಿದವರು. ಈ ಮಳೆಗಾಲದಲ್ಲಿ ಬಾಡಿಗೆ ಕೊಡೋಕೆ ಹೋದಾಗ ಪಿಯಾನೋ ಮುಚ್ಚಿಟ್ಟು ಸುಮ್ನೆ ಕೂತಿದ್ರು.

"ಬೆರಳು ಕೈಕೊಡ್ತಿದೆ ಕಣೋ. ಒಂದೇ ಸ್ವರ ಬೇಗ ಎರಡು ಸಲ ಒತ್ತಿದ್ರೆ ಎರಡನೇದು ಬರಲ್ಲ. ವಯಸ್ಸಾಯ್ತು."

ನಾನು ಒತ್ತಿ ನೋಡಿದೆ. ನನಗೂ ಬರಲಿಲ್ಲ! ಅಂದ್ಮೇಲೆ ಬಗ್ ಬೆರಳಲ್ಲಿಲ್ಲ ಅಂತಾಯ್ತು. ಮುಚ್ಚಳ ತೆಗೆದ್ರೆ, ಆ ಸುತ್ತಿಗೆ ತಂತಿಗೆ ಬಡಿದು ಸೋಮಾರಿ ಥರ ವಾಪಸ್ ಬರ್ತಿತ್ತು. ಬೈಕಿಗೆ ಹಾಕೋ ಎಣ್ಣೆ ಒಂದು ಹನಿ ಬಿಡೋಣ ಅಂದೆ. ಪುಣ್ಯಕ್ಕೆ ಆಂಟಿ ಬಿಡಲಿಲ್ಲ, ಟ್ಯೂನರ್‌ಗೆ ಫೋನ್ ಮಾಡಿದ್ರು.

ಅವರು ಹೇಳಿದ್ದು ಇಷ್ಟು. ಪ್ರತಿ ಸುತ್ತಿಗೆಯೂ 1.3 ಮಿ.ಮೀ. ಆಸುಪಾಸಿನ ಒಂದು ಸೆಂಟರ್ ಪಿನ್ ಮೇಲೆ ತಿರುಗುತ್ತೆ. ಪಿನ್ ಸುತ್ತ ಉಣ್ಣೆ ಬಟ್ಟೆಯ ಬುಷಿಂಗ್. ತೇವಕ್ಕೆ ಬಟ್ಟೆ ಊದಿ ಪಿನ್ನನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಎಣ್ಣೆ ಬಿಟ್ರೆ ಬಟ್ಟೆ ಅದನ್ನ ಕುಡಿದು, ಧೂಳು ಸೇರಿ ಇನ್ನೂ ಅಂಟಾಗುತ್ತೆ. ಅವರು ಹಾಕಿದ್ದು ನೀರು ಬೆರೆಸಿದ ಆಲ್ಕೋಹಾಲ್, ಎರಡೂ ಕಡೆ ಒಂದೊಂದು ಹನಿ. ನೀರಿಗೆ ಬಟ್ಟೆ ಮತ್ತಷ್ಟು ಊದಿ ಪಿನ್ನಿಗೆ ಒತ್ತಿಕೊಂಡು, ಒಣಗುವಾಗ ಕುಗ್ಗಿ ಜಾಗ ಬಿಡುತ್ತಂತೆ! ಅದಕ್ಕೂ ಬಗ್ಗದಿದ್ರೆ ಪಿನ್ ಕಿತ್ತು, ರಂಧ್ರ ರೀಮ್ ಮಾಡಿ ಹೊಸದು ಹಾಕ್ಬೇಕು. ತೀರಾ ಸಡಿಲವಾದ್ರೆ ಸುತ್ತಿಗೆ ಅಲ್ಲಾಡುತ್ತೆ, ಅದೂ ತೊಂದರೆಯೇ.

ಎರಡು ದಿನ ಒಣಗೋಕೆ ಬಿಟ್ರು. ಮೂರನೇ ದಿನ ಸಂಜೆ ಆಫೀಸಿಂದ ಬಂದು ಶೂ ಬಿಚ್ತಿದ್ದೆ. ಕೆಳಗಿಂದ ಅದೇ ಸ್ವರ, ಬೇಗ ಬೇಗ, ಎರಡು ಸಲ. ಆಮೇಲೆ ನಾಲ್ಕು ಸಲ.

ಆಂಟಿ ಒಂದು ತಿಂಗಳು ಸುಮ್ನೆ ತಮ್ಮ ಬೆರಳನ್ನ ಬೈಕೊಂಡಿದ್ರು.