ಹೆಪ್ಪಿನ ಋಣ

ನಿವೃತ್ತನಾದವನಿಗೆ ಊರೆಲ್ಲ ಹಿತೈಷಿಗಳು. ಮುಂಜಾನೆ ನಡೆಯಿರಿ, ಗೀತೆ ಓದಿರಿ, ಮೊಮ್ಮಕ್ಕಳನ್ನು ಆಡಿಸಿರಿ ಎಂದು ಬುದ್ಧಿ ಹೇಳದವರಿಲ್ಲ. ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಆಪರೇಟಿಂಗ್ ಸಿಸ್ಟಮ್ ಒಂದನ್ನು ಬುಡದಿಂದ ಕಟ್ಟಿರಿ ಎಂದು ಮಾತ್ರ ಯಾರೂ ಸೂಚಿಸಲಿಲ್ಲ. ಆ ಹುಚ್ಚು ನನ್ನ ಸ್ವಯಾರ್ಜಿತ.

ಕಾರಣವಿಲ್ಲದಿಲ್ಲ. ಪಿಂಚಣಿಯ ಕಾಗದವೊಂದಕ್ಕಾಗಿ ಒಂದು ಕಚೇರಿಯ ಮೆಟ್ಟಿಲನ್ನು ನಾಲ್ಕು ಸಾರಿ ಹತ್ತಿದೆ. ನಾಲ್ಕು ಸಾರಿಯೂ ಉತ್ತರ ಒಂದೇ: “ಸಿಸ್ಟಮ್ ಒಪ್ತಾ ಇಲ್ಲ ಸಾರ್.” ಹೇಳಿದ ಹುಡುಗಿ ಸೌಜನ್ಯವತಿ, ಆಕೆಯ ತಪ್ಪೇನೂ ಇರಲಿಲ್ಲ. ಆದರೆ ಒಪ್ಪದಿರುವ ಈ ಮಹಾಶಯನ ಒಳಗೇನಿದೆ ಎಂಬುದು ಆಕೆಗೂ ತಿಳಿಯದು, ನನಗೂ ತಿಳಿಯದು. ನಮ್ಮ ತಂದೆಯವರ ಕಾಲದಲ್ಲಿ ಶಿರಸ್ತೇದಾರರು ಒಪ್ಪದಿದ್ದರೆ ಅವರ ಮುಖವನ್ನಾದರೂ ನೋಡಿ ಬರಬಹುದಿತ್ತು.

ನನ್ನ ಸೋದರಳಿಯ ಬೆಂಗಳೂರಿನಲ್ಲಿ ಇದೇ ವೃತ್ತಿಯವನು. “ಮಾವ, ಅರ್ಧ ಗಂಟೇಲಿ ಉಬುಂಟು ಹಾಕಿಕೊಡ್ತೀನಿ, ಯಾಕೆ ಈ ಫಜೀತಿ?” ಎಂದ, ಹಾಕಿಯೂ ಕೊಟ್ಟ. ಅದರ ಮೇಲೆ ನಿಂತುಕೊಂಡೇ ನಾನು ಮತ್ತೊಂದನ್ನು ಕಟ್ಟತೊಡಗಿದೆ.

ಇದಕ್ಕೊಂದು ಕೈಪಿಡಿಯಿದೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ಸಿಸ್ಟಮ್ ಒಂದನ್ನು ರಚಿಸುವುದಾಗಿ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಅದರ ಹೃದಯಸ್ಥಾನಕ್ಕೆ ಸಲ್ಲುವ ‘ಕರ್ನೆಲ್’ ಬರೆದ. ಇವೆಲ್ಲವನ್ನೂ ಓದುಗನೇ ಮೂಲದಿಂದ ಜೋಡಿಸಿಕೊಳ್ಳಲೆಂದು 1999ರಲ್ಲಿ ಜೆರಾರ್ಡ್ ಬೀಕ್‌ಮನ್ಸ್ ಆರಂಭಿಸಿದ ಪುಸ್ತಕವೇ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’. ಸುಮಾರು 80 ಕಟ್ಟುಗಳು. ಒಂದೊಂದರಲ್ಲಿಯೂ ಮನುಷ್ಯರು ಬರೆದ, ಮನುಷ್ಯರು ಓದಬಲ್ಲ ಸಾಲುಗಳು. ಅವನ್ನು ಯಂತ್ರದ ಭಾಷೆಗೆ ಇಳಿಸುವ ದುಭಾಷಿಗೆ ಕಂಪೈಲರ್ ಎಂದು ಹೆಸರು.

ಪುಸ್ತಕದ ಕಾಲಮಾನ ನನಗೆ ಬಹಳ ಹಿಡಿಸಿತು. ಇಂಥದಕ್ಕೆ ಇಷ್ಟು ನಿಮಿಷವೆಂದು ಅದು ಹೇಳುವುದಿಲ್ಲ. ಮೊದಲನೆಯ ಕಟ್ಟಿಗೆ ನಿಮ್ಮ ಯಂತ್ರ ಎಷ್ಟು ಹೊತ್ತು ಹಿಡಿಯಿತೋ ಅದೇ ಒಂದು ಅಳತೆ. ಮಿಕ್ಕದ್ದೆಲ್ಲ ಅದರ ಇಷ್ಟು ಪಟ್ಟು. ನಮ್ಮ ಅಜ್ಜಿಯ ಅಡಿಗೆಯೂ ಹೀಗೆಯೇ: “ನಿಮ್ಮನೆ ಲೋಟದಲ್ಲಿ ಒಂದು ಲೋಟ.” ನಮ್ಮ ಮನೆಯ ಲೋಟ ಒಂಬತ್ತು ನಿಮಿಷದ್ದು. ಕಂಪೈಲರನ್ನು ಕಟ್ಟಿ ಪರೀಕ್ಷಿಸುವ ದಿನ ಯಂತ್ರ ರಾತ್ರಿಯೆಲ್ಲ ಗೊರಗುಟ್ಟಿತು.

ಆ ಕಂಪೈಲರೂ ಒಂದು ಬರಹವೇ. ಹಾಗಾದರೆ ಅದನ್ನು ಯಂತ್ರಭಾಷೆಗೆ ಇಳಿಸುವವರಾರು? ಇನ್ನೊಂದು ಕಂಪೈಲರ್! ಈ ಒಗಟನ್ನು ಊಟದ ಹೊತ್ತಿನಲ್ಲಿ ನನ್ನಾಕೆಯ ಮುಂದಿಟ್ಟೆ.

“ಅದರಲ್ಲೇನಾಶ್ಚರ್ಯ? ಮೊಸರಿಲ್ಲದೆ ಮೊಸರಾಗತ್ತೇನ್ರೀ? ಪಕ್ಕದ ಮನೆಯಿಂದ ಹೆಪ್ಪು ತಂದು ಮೂರು ಸಾರಿ ಹಾಕಿದರೆ ಆಮೇಲೆ ನಮ್ಮನೆ ಮೊಸರೇ” ಎಂದಳು.

ಪುಸ್ತಕದಲ್ಲಿಯೂ ಮೂರೇ ಸಾರಿ. ಸೋದರಳಿಯ ಹಾಕಿಕೊಟ್ಟ ಸಿಸ್ಟಮಿನ ಕಂಪೈಲರಿನಿಂದ ತಾತ್ಕಾಲಿಕವಾದದ್ದೊಂದು, ಅದರಿಂದ ಇನ್ನೊಂದು, ಹೊಸ ಮನೆಯನ್ನು ಹೊಕ್ಕು ಬಾಗಿಲು ಹಾಕಿಕೊಂಡ ಮೇಲೆ ಕಡೆಯದು. ಒಳಗೆ ನಿಂತರೆ ಹಳೆಯ ಮನೆಯ ಒಂದು ಪಾತ್ರೆಯೂ ಕಣ್ಣಿಗೆ ಬೀಳದು. ಕಾಲ ಕೆಳಗಿನ ನೆಲ, ಎಂದರೆ ಕರ್ನೆಲ್, ಮಾತ್ರ ಇನ್ನೂ ಹಳೆಯದೇ.

ನಾನು ಬೀಗುತ್ತಿದ್ದಾಗಲೇ ಕೆನ್ ಥಾಂಪ್ಸನ್ನರ ಉಪನ್ಯಾಸ ಕಣ್ಣಿಗೆ ಬಿತ್ತು. ಯೂನಿಕ್ಸನ್ನು ಸೃಷ್ಟಿಸಿದವರಲ್ಲೊಬ್ಬರಾದ ಆತ 1984ರಲ್ಲಿ ತೋರಿಸಿದ್ದು ಇಷ್ಟು: ಗುರುತು ಕೇಳಿ ಒಳಗೆ ಬಿಡುವ ‘ಲಾಗಿನ್’ ಎಂಬ ದ್ವಾರಪಾಲಕನನ್ನು ಕಟ್ಟುವಾಗ ಕಂಪೈಲರು ಗುಟ್ಟಾಗಿ ಒಂದು ಕಳ್ಳಬೀಗದಕೈಯನ್ನು ಸೇರಿಸಬಲ್ಲದು, ಹೊಸ ಕಂಪೈಲರನ್ನು ಕಟ್ಟುವಾಗ ಅದಕ್ಕೂ ಇದೇ ವಿದ್ಯೆಯನ್ನು ಕಲಿಸಬಲ್ಲದು. ಆಮೇಲೆ ಮೂಲಬರಹವನ್ನು ಅಕ್ಷರ ಬಿಡದೆ ಓದಿದರೂ ಅಲ್ಲಿ ಕಳವಿನ ಸುಳಿವಿಲ್ಲ. ಪಕ್ಕದ ಮನೆಯ ಹೆಪ್ಪಿನ ಹುಳಿ ಮೂರಲ್ಲ, ಮುನ್ನೂರು ಸಾರಿ ಹಾಕಿದರೂ ಇಳಿದುಬರಬಹುದು.

ಅಂದು ರಾತ್ರಿ ನನಗೆ ಸರಿಯಾಗಿ ನಿದ್ರೆ ಹತ್ತಲಿಲ್ಲ. ಎರಡು ತಿಂಗಳ ಶ್ರಮವೆಲ್ಲ ವ್ಯರ್ಥವೇ? ಹಾಗೆನ್ನಲು ಮನಸ್ಸು ಒಪ್ಪದು. ಮೊದಲು ಒಂದು ಮುಚ್ಚಿದ ಪೆಟ್ಟಿಗೆಯನ್ನು ನಂಬಿದ್ದೆ. ಈಗ ನಂಬುತ್ತಿರುವುದು ಯಾರನ್ನು, ಎಲ್ಲಿಯವರೆಗೆ, ಎಂಬುದನ್ನು ಬೆರಳಿಟ್ಟು ತೋರಿಸಬಲ್ಲೆ. ಪಿಂಚಣಿ ಕಚೇರಿಯ ಸಿಸ್ಟಮಿನ ವಿಷಯದಲ್ಲಿ ಆ ಭಾಗ್ಯವೂ ನನಗಿಲ್ಲ.

ಕೊನೆಗೆ ಕರ್ನೆಲ್ ಕಟ್ಟಿದೆ. ಸಾವಿರಾರು ಪ್ರಶ್ನೆಗಳ ಸಂದರ್ಶನವದು, ಅದರ ವರ್ಣನೆ ಬೇಡ. ಯಂತ್ರವನ್ನು ಆರಿಸಿ ಹೊತ್ತಿಸಿದಾಗ ಕಪ್ಪು ತೆರೆಯ ಮೇಲೆ ಬಿಳಿಯ ಸಾಲುಗಳು ಓಡಿ, ‘ಲಾಗಿನ್’ ಎಂಬ ಪದ ಬಂದು ನಿಂತಿತು. ನನ್ನಾಕೆಯನ್ನು ಕೂಗಿದೆ. ಕನ್ನಡದ ವಾರ, ತಿಂಗಳ ಹೆಸರುಗಳನ್ನು ಮೊದಲೇ ಸೇರಿಸಿಟ್ಟಿದ್ದೆ; ಇಂದಿನ ತಾರೀಖನ್ನು ಕೇಳಿದೆ.

ಬಂದದ್ದು ಸಾಲಾಗಿ ಚೌಕಗಳು. ಆ ಬರಿಯ ತೆರೆ 512ಕ್ಕಿಂತ ಹೆಚ್ಚು ಅಕ್ಷರರೂಪಗಳನ್ನು ಇಟ್ಟುಕೊಳ್ಳಲಾರದು. ಒತ್ತಕ್ಷರವನ್ನು ಜೋಡಿಸುವುದಂತೂ ಅದಕ್ಕೆ ಬಾರದು. ಕನ್ನಡ ಕಾಣಬೇಕಾದರೆ ಚಿತ್ರರೂಪದ ತೆರೆ, ಅಕ್ಷರ ಜೋಡಿಸುವ ‘ಹಾರ್ಫ್‌ಬಜ್’, ಅದಕ್ಕೊಂದು ಫಾಂಟು ಎಲ್ಲವೂ ಆಗಬೇಕು. ಅವುಗಳಿಗೆ ಬೇರೊಂದು ಪುಸ್ತಕವೇ ಇದೆ. ಅದು ಇದಕ್ಕಿಂತ ದಪ್ಪ.

“ಇದೇನ್ರೀ, ಇವತ್ತು ಯಾವ ವಾರ ಅಂತ ಇದೆ?” ಎಂದು ನನ್ನಾಕೆ ಕೇಳಿದಳು.

“ಗುರುವಾರ” ಎಂದು ನಾನೇ ಹೇಳಿ, ಎರಡನೆಯ ಪುಸ್ತಕದ ಮೊದಲ ಪುಟವನ್ನು ತೆರೆದೆ.