ಮಕ್ಕಳ ಮನೆಗೆಲಸ

ಶಾಲೆಯಿಂದ ಮಕ್ಕಳು ಮನೆಗೆ ತರುವ ವಸ್ತುಗಳು ಹಲವು. ಅಂಗಿಯ ಮೇಲೆ ಮಸಿಯ ಕಲೆ, ಜೇಬಿನಲ್ಲಿ ಗೆಳೆಯನಿಂದ ಗೆದ್ದ ಗೋಲಿ, ಮಳೆಗಾಲದಲ್ಲಾದರೆ ನೆಗಡಿ. ಇವು ಯಾವುವೂ ಮನೆಯ ನೆಮ್ಮದಿಯನ್ನು ಅಷ್ಟಾಗಿ ಕದಡುವುದಿಲ್ಲ. ಕದಡುವುದು ಡೈರಿಯ ಎರಡು ಸಾಲು: ಆರನೆಯ ಪಾಠದ ಪ್ರಶ್ನೋತ್ತರ, ಹನ್ನೆರಡರ ಮಗ್ಗಿ ಐದು ಸಲ. ಅದನ್ನು ಓದಿದ ಕ್ಷಣದಿಂದ ತಾಯಿಗೆ ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಕಣ್ಣು ನೋಟುಪುಸ್ತಕದ ಮೇಲೆ. ದಣಿದು ಬಂದ ತಂದೆ 'ನಮ್ಮ ಕಾಲದಲ್ಲಿ...' ಎಂದು ಪೀಠಿಕೆ ಹಾಕುತ್ತಾನೆ. ಐದನೆಯ ತರಗತಿಯ ಭಿನ್ನರಾಶಿ ಎದುರಿಗೆ ಬಂದೊಡನೆ ಪೀಠಿಕೆ ಅಲ್ಲಿಗೇ ನಿಂತುಹೋಗುತ್ತದೆ.

ಹಳೆಯ ಕಾಲದಲ್ಲಿಯೂ ಮನೆಗೆಲಸ ಇಲ್ಲದಿರಲಿಲ್ಲ. ಕೂಲಿಮಠದ ಹುಡುಗರು ಹಗಲು ಮರಳಿನ ಮೇಲೆ ಅಕ್ಷರ ತಿದ್ದಿ, ಸಂಜೆ ಜಗಲಿಯಲ್ಲಿ ಕುಳಿತು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬೀದಿಗೆಲ್ಲ ಕೇಳುವಂತೆ ಒಪ್ಪಿಸುತ್ತಿದ್ದರು. ಅದರ ಗುರಿ ಸರಳವಾಗಿತ್ತು. ಅಂಗಡಿಯ ಲೆಕ್ಕ, ಕಂದಾಯದ ಲೆಕ್ಕ ನಾಲಗೆಯ ತುದಿಯಲ್ಲಿರಬೇಕು. ಇಂದಿನ ಮನೆಗೆಲಸದ ಗುರಿ ಏನೆಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯದು.

ಗುರಿಯೇ ಇಲ್ಲವೆಂದಲ್ಲ. ಕಲಿತುದನ್ನು ಮನಸ್ಸು ಎಷ್ಟು ಬೇಗ ಕಳೆದುಕೊಳ್ಳುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ ತೋರಿಸಿದನು. ದಿನ ಬಿಟ್ಟು ದಿನ ಸ್ವಲ್ಪಸ್ವಲ್ಪವಾಗಿ ಮೆಲುಕು ಹಾಕಿದುದು ಉಳಿಯುವಂತೆ, ಒಂದೇ ರಾತ್ರಿ ಹತ್ತು ಸಲ ಗೀಚಿದುದು ಉಳಿಯುವುದಿಲ್ಲ. ಐದು ಸಲ ಬರೆಯುವಾಗ ಮೂರನೆಯ ಸಲಕ್ಕೆ ಕೈ ಮಾತ್ರ ಬರೆಯುತ್ತಿರುತ್ತದೆ. ಮನಸ್ಸು ಗಾಳಿಪಟದ ಜೊತೆ ಹೋಗಿರುತ್ತದೆ. ಜಾಣ ಮಕ್ಕಳಂತೂ ಮೊದಲು ಹನ್ನೆರಡನ್ನೆಲ್ಲ ಮೇಲಿಂದ ಕೆಳಕ್ಕೆ ಕಂಬದಂತೆ ಬರೆದು, ಪಕ್ಕದಲ್ಲಿ ಒಂದರಿಂದ ಹತ್ತರವರೆಗೆ ಇನ್ನೊಂದು ಕಂಬ ನಿಲ್ಲಿಸಿ, ಮಗ್ಗಿಯನ್ನು ಒಮ್ಮೆಯೂ ನೆನೆಯದೆ ಮುಗಿಸಿಬಿಡುತ್ತಾರೆ.

ಉಪಾಧ್ಯಾಯರಿಗೂ ಮನೆಗೆಲಸದಿಂದ ಪ್ರಯೋಜನವುಂಟು. ಯಾರಿಗೆ ಪಾಠ ಹಿಡಿದಿಲ್ಲವೆಂಬುದು ಅದರಿಂದ ತಿಳಿಯಬೇಕು. ಆದರೆ ತಿಳಿಯಲು ಅದನ್ನು ಓದಬೇಕಷ್ಟೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರೆಂದು ಹೇಳುತ್ತದೆ. ಪುಸ್ತಕಕ್ಕೆ ಎರಡು ನಿಮಿಷವೆಂದರೂ ಒಂದು ವಿಷಯಕ್ಕೆ ಪೂರ್ತಿ ಒಂದು ಗಂಟೆ. ನಾಲ್ಕು ವಿಷಯಕ್ಕೆ ನಾಲ್ಕು ಗಂಟೆ. ಯಾವ ಮೇಷ್ಟರಿಗೆ ಅಷ್ಟು ಬಿಡುವು? ಕೊನೆಗೆ ಉಳಿಯುವುದು ಕೆಂಪು ಮಸಿಯ ಒಂದು ಗೀಟು, ಒಂದು ಸಹಿ. ತಪ್ಪು ಲೆಕ್ಕದ ಮೇಲೂ ಸರಿಯೆಂಬ ಗುರುತು ಬಿದ್ದುದನ್ನು ಕಂಡ ಮಗು ಅಂದು ಗಣಿತವನ್ನಲ್ಲದೆ ಬೇರೇನನ್ನೋ ಕಲಿಯುತ್ತದೆ.

ಎಷ್ಟು ಕೊಡಬೇಕೆಂಬ ಜಗಳ ಹೊಸತಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 1901ರಲ್ಲಿ 15 ವರ್ಷದೊಳಗಿನವರಿಗೆ ಮನೆಗೆಲಸವೇ ಕೂಡದೆಂದು ಕಾನೂನು ಮಾಡಿ, 1917ರಲ್ಲಿ ಅದನ್ನು ತೆಗೆದುಹಾಕಿತು. ಫ್ರಾನ್ಸಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬರೆಯುವ ಮನೆಗೆಲಸ 1956ರಿಂದ ನಿಷಿದ್ಧ. ಆದರೂ ಅದು ನಡೆದೇ ಇದೆ. ಚೀನಾ 2021ರಲ್ಲಿ ಮೊದಲ ಎರಡು ತರಗತಿಗಳಿಗೆ ಬರವಣಿಗೆಯನ್ನು ಬಿಡಿಸಿತು. ಭಾರತದ 2020ರ ಶಾಲಾಚೀಲ ನೀತಿಯಂತೆ ಎರಡನೆಯ ತರಗತಿಯವರೆಗೆ ಮನೆಗೆಲಸವಿಲ್ಲ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಅಲ್ಲಿಂದ ಮೇಲೆ 2 ಗಂಟೆ. ವಾರಕ್ಕೆ 2 ಗಂಟೆಯೆಂದರೆ ದಿನಕ್ಕೆ 20 ನಿಮಿಷ. ಯಾವ ಮನೆಯಲ್ಲಿಯಾದರೂ ಗಡಿಯಾರ ನೋಡಿ ಪರೀಕ್ಷಿಸಬಹುದು. ಈ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ ಅಮೆರಿಕದ ಹ್ಯಾರಿಸ್ ಕೂಪರ್ 2006ರಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ಪ್ರೌಢಶಾಲೆಯವರಲ್ಲಿ ಮನೆಗೆಲಸಕ್ಕೂ ಕಲಿಕೆಗೂ ನಂಟು ಸ್ಪಷ್ಟ, ಚಿಕ್ಕವರಲ್ಲಿ ಬಹಳ ತೆಳು.

ಆದರೆ ನಿಮಿಷದ ಲೆಕ್ಕದಲ್ಲಿ ಒಂದು ಮಾತು ಮರೆತುಹೋಗುತ್ತದೆ. ಮನೆಗಳೆಲ್ಲ ಒಂದೇ ಸಮನಲ್ಲ. ಕನ್ನಡದಲ್ಲಿ 'ಮನೆಗೆಲಸ' ಎಂಬ ಮಾತಿಗೆ ಬೇರೊಂದು ಅರ್ಥ ಮೊದಲಿನಿಂದಲೇ ಇದೆ. ಕೂಲಿಗೆ ಹೋದ ತಾಯಿ ಬರುವುದರೊಳಗೆ ನೀರು ತಂದು, ಪಾತ್ರೆ ಬೆಳಗಿ, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅನ್ನಕ್ಕಿಡುವ ಹತ್ತು ವರ್ಷದ ಹುಡುಗಿಗೆ ಎರಡು ಮನೆಗೆಲಸಗಳಿವೆ. ಒಂದು ಮುಗಿದ ಮೇಲೆ ಇನ್ನೊಂದು. ಎರಡನೆಯದಕ್ಕೆ ಕೂರುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಅರ್ಥವಾಗದುದನ್ನು ಕೇಳೋಣವೆಂದರೆ ತಾಯಿಗೆ ಓದು ಬಾರದು, ತಂದೆ ಹೆಬ್ಬೆಟ್ಟು. ಮರುದಿನ ಬೆಳಿಗ್ಗೆ ಆಕೆ ಬೆಂಚಿನ ಮೇಲೆ ನಿಲ್ಲುತ್ತಾಳೆ. ಪಕ್ಕದಲ್ಲಿ ಕುಳಿತ ಹುಡುಗನ ಥರ್ಮೋಕೋಲಿನ ಜ್ವಾಲಾಮುಖಿಗೆ ಪೂರ್ಣಾಂಕ ಬಂದಿದೆ. ಅದನ್ನು ಮಾಡಿದವರು ರಾತ್ರಿ ಹನ್ನೊಂದರವರೆಗೆ ಎದ್ದಿದ್ದ ಅವನ ತಂದೆ. ಅಂಕ ದೊರೆತದ್ದು ಯಾರಿಗೆ, ಶಿಕ್ಷೆಯಾದದ್ದು ಯಾವುದಕ್ಕೆ? ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ಅದೇ 2009ರ ಕಾಯಿದೆ ನಿಷೇಧಿಸಿದೆ. ಬೆಂಚಿನ ಮೇಲೆ ನಿಂತ ಹುಡುಗಿಗೆ ಕಾಯಿದೆಯ ಸುದ್ದಿ ತಲುಪಿರುವುದಿಲ್ಲ. ಹೀಗೆ ನಾಲ್ಕು ಸಲವಾದರೆ ಐದನೆಯ ದಿನ ಹೊಟ್ಟೆನೋವು ಬರುತ್ತದೆ. ಆರನೆಯ ದಿನ ಹಾಜರಿಯಲ್ಲಿ ಹೆಸರಿಗೆ ಉತ್ತರವಿಲ್ಲ.

ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ 1935ರ ತಮ್ಮ ಮೊದಲ ಕಾದಂಬರಿಯಲ್ಲಿಯೇ, ರಜೆಯಲ್ಲಿ ತಂದೆ ಕೊಟ್ಟ ಮಾವಿನಹಣ್ಣಿನ ಲೆಕ್ಕದ ಮುಂದೆ ತಬ್ಬಿಬ್ಬಾದ ಸ್ವಾಮಿಯನ್ನು ಚಿತ್ರಿಸಿದ್ದರು. ಹಣ್ಣು ಮಾಗಿತ್ತೇ ಇಲ್ಲವೇ ಎಂಬುದೇ ಅವನ ಚಿಂತೆ. ರಾಜ್ಯಸಭೆಯ ಸದಸ್ಯರಾದ ಮೇಲೆ 1989ರಲ್ಲಿ ಅವರು ಮಾತನಾಡಿದುದೂ ಮಕ್ಕಳ ಬೆನ್ನು ಬಾಗಿಸುವ ಚೀಲದ ಬಗೆಗೆ. ಮುಂದೆ 1993ರಲ್ಲಿ ವರದಿಯಿತ್ತ ಯಶಪಾಲ್ ಸಮಿತಿಯು ಚೀಲದ ತೂಕಕ್ಕಿಂತ ಅರ್ಥವಾಗದ ಪಾಠದ ತೂಕವೇ ಹೆಚ್ಚೆಂದು ಕಂಡುಕೊಂಡಿತು. ಅರ್ಥವಾಗದುದನ್ನು ಮನೆಗೆ ಕಳುಹಿಸಿದರೆ ಅದು ಅಲ್ಲಿ ತಾನಾಗಿ ಅರ್ಥವಾಗುವುದಿಲ್ಲ. ತರಗತಿಯಲ್ಲಿ ಅರ್ಥವಾದುದನ್ನು ಕಳುಹಿಸಿದರೆ ಮಗು ಒಬ್ಬಂಟಿಯಾಗಿಯೇ ಮಾಡಬಲ್ಲುದು. ಎರಡು ಲೆಕ್ಕ ಸಾಕು.

ಇನ್ನು ಓದು ಬಾರದ ಮನೆಗೂ ಒಪ್ಪುವ ಕೆಲಸ ಇಲ್ಲದಿಲ್ಲ. ಒಂದು ಸೇರಿಗೆ ಎಷ್ಟು ಪಾವು, ಆ ಅಳತೆಯಲ್ಲಿ ಮನೆಮಂದಿಗೆ ದಿನಕ್ಕೆ ಎಷ್ಟು ಅಕ್ಕಿ ಬೇಕು, ತಿಂಗಳಿಗೆ ಎಷ್ಟಾಯಿತು ಎಂದು ಅಜ್ಜಿಯನ್ನು ಕೇಳಿ ಬರೆದುಕೊಂಡು ಬಾ ಎಂದು ಮೇಷ್ಟರು ಹೇಳಿಕಳುಹಿಸಲಿ. ಗುಣಾಕಾರ ಅದರಲ್ಲಿಯೂ ಇದೆ. ಅನ್ನಕ್ಕಿಡುವ ಆ ಹುಡುಗಿ ಅಂತಹ ಲೆಕ್ಕವನ್ನು ಪುಸ್ತಕ ತೆರೆಯುವ ಮೊದಲೇ ಮಾಡಿ ಮುಗಿಸಿರುತ್ತಾಳೆ. ಥರ್ಮೋಕೋಲಿನ ಹುಡುಗನಿಗೆ ಮಾತ್ರ ಅಂದು ಅಜ್ಜಿಯನ್ನು ಹುಡುಕಿಕೊಂಡು ಹೋಗಬೇಕಾದೀತು.