ಕಾಪುವಿನ ದೀಪದ ಕೆಳಗೆ

ಉಡುಪಿಯಿಂದ ತೆಂಕಕ್ಕೆ ಸುಮಾರು ೧೩ ಕಿಲೋಮೀಟರು ಸಾಗಿದರೆ ಕಾಪು. ಅಲ್ಲಿ ಕಡಲ ಬಂಡೆಯ ಮೇಲೆ ೧೯೦೧ರಲ್ಲಿ ಎದ್ದುನಿಂತ ದೀಪಸ್ತಂಭವನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಕಳೆದ ರಜೆಯಲ್ಲಿ ಮಡದಿ, ಮಗನೊಡನೆ ನಾನೂ ಅದನ್ನೇರಿದೆ. ಸುಮಾರು ೨೭ ಮೀಟರು ಎತ್ತರದ ಆ ಸ್ತಂಭದಿಂದ ನೋಡಿದಾಗ ಪಡುವಣ ಕಡಲು ಕಾಯಿಸಿದ ತಾಮ್ರದಂತೆ ಹೊಳೆಯುತ್ತಿದ್ದಿತು.

ಕೆಳಗಿಳಿಯುತ್ತಿದ್ದಂತೆ ಮಗನು, “ಅಪ್ಪಾ, ಹಡಗುಗಳಿಗೆ ಈ ದೀಪವೊಂದೇ ಸಾಲದೇ?” ಎಂದ.

ಬಂಡೆಯ ಬಳಿ ಬಲೆ ಸರಿಪಡಿಸುತ್ತಿದ್ದ ವೃದ್ಧರೊಬ್ಬರು ನಕ್ಕರು. “ಸಾಲದು ಮಗಾ. ಇದು ಊರು ತೋರಿಸುವ ದೀಪ. ಬಾಗಿಲು ತೋರಿಸುವ ದೀಪ ಬೇರೆ.”

ಬಾಗಿಲ ದೀಪವೆಂದರೆ ಬೋಯಾ. ಬಂದರಿನ ಜಲಮಾರ್ಗದ ಇಕ್ಕೆಲಗಳಲ್ಲಿ ಸರಪಳಿಯಿಂದ ಕಟ್ಟಿದ ತೇಲುಗುರುತು. ನಮ್ಮಲ್ಲಿ ಬಂದರನ್ನು ಹೊಗುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಅಮೆರಿಕೆಯಲ್ಲಿ ಇದು ತಿರುವುಮುರುವು.

“ಮಳೆಗಾಲದ ಅಲೆಗೆ ಸರಪಳಿ ಹರಿದರೆ?” ಎಂದೆ.

“ಆರಿದ ದೀಪವಾದರೆ ನಾವು ಎಚ್ಚರವಾಗುತ್ತೇವೆ ಮಾಸ್ಟ್ರೇ. ಜಾಗ ತಪ್ಪಿದ ದೀಪವನ್ನು ನಂಬಿ ದೋಣಿ ಬಿಟ್ಟರೆ…” ಅವರು ಮಾತು ಮುಗಿಸಲಿಲ್ಲ.

ಈ ಗುರುತುಗಳನ್ನು ನೋಡಿಕೊಳ್ಳಲೆಂದೇ ಹಡಗುಗಳುಂಟು. ನಮ್ಮ ದೀಪಸ್ತಂಭ ಇಲಾಖೆಯು ಇಂಥ ಹಡಗಿಗೆ ‘ಸಾಗರದೀಪ’ವೆಂದು ಹೆಸರಿಟ್ಟಿತು. ಕ್ರೇನಿನಿಂದ ಬೋಯಾವನ್ನು ಹಡಗಿನ ಮೇಲಕ್ಕೆತ್ತಿ, ಅಂಟಿದ ಪಾಚಿ, ಚಿಪ್ಪುಗಳನ್ನು ಕೆರೆದು, ಸವೆದ ಕೊಂಡಿಗಳನ್ನು ಬದಲಿಸಿ, ಬಣ್ಣ ಬಳಿದು, ಮತ್ತೆ ಅದೇ ಜಾಗದಲ್ಲಿ ಇಳಿಬಿಡುವುದೇ ಇಂಥ ಹಡಗಿನ ದುಡಿಮೆ. ಅಮೆರಿಕೆಯಲ್ಲಿ ಈ ಹೊಣೆ ಅಲ್ಲಿನ ಕರಾವಳಿ ಕಾವಲು ಪಡೆಯದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಆ ಸೀಮೆಯಲ್ಲಿ ಬೋಯಾ ಹಡಗುಗಳು ಮಂಜುಗಡ್ಡೆಯನ್ನೂ ಒಡೆಯಬೇಕು. ೧೯೫೭ರಲ್ಲಿ ‘ಬ್ರ್ಯಾಂಬಲ್’, ‘ಸ್ಪಾರ್’ ಎಂಬ ಅಂಥ ಎರಡು ಹಡಗುಗಳು ‘ಸ್ಟೋರಿಸ್’ ಎಂಬ ಮತ್ತೊಂದರೊಡನೆ ಉತ್ತರ ಅಮೆರಿಕೆಯ ನೆತ್ತಿಯ ಮೇಲಿನ ಹಿಮಸಮುದ್ರವನ್ನೇ ದಾಟಿದವು. ಆದರೂ ಅವುಗಳ ನಿತ್ಯಕರ್ಮವು ಸರಪಳಿ, ಬಣ್ಣ, ದೀಪಗಳದೇ.

ಕತ್ತಲಾಯಿತು. ನಮ್ಮ ತಲೆಯ ಮೇಲೆ ಕಾಪುವಿನ ದೀಪ ಬೆಳಗಿತು. ಮಗನು ಅದನ್ನೇ ನೋಡುತ್ತ ನಿಂತ. ದಿನವೂ ಹತ್ತಾರು ಹುಡುಗರೆದುರು ನಿಂತು ದಾರಿ ತೋರಿಸುವ ಕಸುಬಿನವನಾದ ನಾನು ಮಾತ್ರ, ಆ ವೃದ್ಧರು ಮುಗಿಸದೆ ಬಿಟ್ಟ ಮಾತನ್ನು ನೆನೆಯುತ್ತ ಉಡುಪಿಯ ಬಸ್ಸನ್ನೇರಿದೆ.